ಹಸಿರು ಸೂರ್ಯ ಕಂಡ ವರ್ಷ

1883ರ ಸೆಪ್ಟೆಂಬರ್ ಎರಡನೇ ವಾರ. ಮದ್ರಾಸಿನ ಜನ ಬೆಳಿಗ್ಗೆ ಎದ್ದು ಮೂಡಣಕ್ಕೆ ನೋಡಿದರೆ ಸೂರ್ಯ ಹಸಿರಾಗಿದ್ದ. ಸಂಜೆ ಮುಳುಗುವಾಗಲೂ ಹಸಿರೇ. ಸಿಂಹಳದಲ್ಲೂ ಹಾಗೇ ಕಂಡಿತು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಪ್ರೊಫೆಸರ್ ಚಾರ್ಲ್ಸ್ ಮಿಚಿ ಸ್ಮಿತ್ ಆ ಬೆಳಕನ್ನು ರೋಹಿತದರ್ಶಕದಲ್ಲಿ ಬಣ್ಣಬಣ್ಣವಾಗಿ ಬಿಡಿಸಿ ನೋಡಿದರು. ಮುಂದೆ ಕೊಡೈಕೆನಾಲ್‌ನಲ್ಲಿ ಸೌರ ವೀಕ್ಷಣಾಲಯ ಕಟ್ಟಿಸಿದವರು ಇವರೇ.

ಕಾರಣ ಕಡಲಾಚೆ ಇತ್ತು. ಆಗಸ್ಟ್ 27ರ ಬೆಳಿಗ್ಗೆ 10 ಗಂಟೆ ಸುಮಾರಿಗೆ ಜಾವಾ ಮತ್ತು ಸುಮಾತ್ರಾ ನಡುವಿನ ಕ್ರಕಟೋವಾ ಜ್ವಾಲಾಮುಖಿ ಸಿಡಿಯಿತು. ದ್ವೀಪದ ಬಹುಪಾಲು ಕುಸಿದು ಸಮುದ್ರ ಸೇರಿತು. ಎದ್ದ ಅಲೆಗಳು ಕೆಲವು ಕಡೆ 30 ಮೀಟರ್ ಮುಟ್ಟಿದವು. ಸತ್ತವರು 36,000ಕ್ಕೂ ಜಾಸ್ತಿ. ಹೆಚ್ಚಿನವರನ್ನು ಕೊಂದದ್ದು ಬೆಂಕಿಯಲ್ಲ, ನೀರು.

ಹಿಂದೂ ಮಹಾಸಾಗರದ ರೋಡ್ರಿಗಸ್ ದ್ವೀಪ ಅಲ್ಲಿಂದ ಸುಮಾರು 4,800 ಕಿಲೋಮೀಟರ್ ದೂರ. ಕಾಶ್ಮೀರದಿಂದ ಕನ್ಯಾಕುಮಾರಿಗೂ ಅಷ್ಟು ದೂರವಿಲ್ಲ. ಅಲ್ಲಿನ ಪೊಲೀಸ್ ಮುಖ್ಯಸ್ಥರಿಗೆ ಪೂರ್ವದಿಂದ ಫಿರಂಗಿ ಹಾರಿಸಿದಂಥ ಸದ್ದು ಕೇಳಿತು. ಅವರು ಅದನ್ನು ಬರೆದಿಟ್ಟರು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಲೆಕ್ಕ ಹಾಕಿ ನೋಡಿ, ಅಲ್ಲಿಗೆ ತಲುಪಲು ಹತ್ತಿರ ಹತ್ತಿರ ನಾಲ್ಕು ಗಂಟೆ ಬೇಕು. ಆ ಸದ್ದು ಅವರ ಕಿವಿಗೆ ಬೀಳುವ ಹೊತ್ತಿಗೆ ಜಾವಾ ತೀರದ ಎಷ್ಟೋ ಊರುಗಳು ಇರಲೇ ಇಲ್ಲ.

ಕಿವಿಗೆ ಕೇಳದ ಅಲೆ ಇನ್ನೂ ದೂರ ಹೋಯಿತು. ಕೆರೆಗೆ ಕಲ್ಲು ಹಾಕಿದಾಗ ಏಳುವ ಉಂಗುರದ ಹಾಗೆ ಗಾಳಿಯ ಒತ್ತಡದ ಅಲೆ ಭೂಮಿಯನ್ನೇ ಸುತ್ತಿತು. ಒಂದು ಸುತ್ತಿಗೆ ಸುಮಾರು ಒಂದೂವರೆ ದಿನ. ಮತ್ತೆ ಮತ್ತೆ ಬಂತು, ಐದು ದಿನಗಳವರೆಗೆ. ಬೇರೆ ಬೇರೆ ದೇಶಗಳ ವಾಯುಭಾರಮಾಪಕಗಳ ಕಾಗದದ ಮೇಲೆ ಗೀಟು ಸಣ್ಣಗೆ ಜಿಗಿದಿತ್ತು. ಯಾಕೆ ಅಂತ ಆಗ ಅಲ್ಲಿದ್ದವರಿಗೆ ಗೊತ್ತಾಗಿರಲಿಲ್ಲ. ಆಮೇಲೆ ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿ ಅವನ್ನೆಲ್ಲ ತರಿಸಿ, ಊರೂರಿನ ಗಂಟೆಯನ್ನು ಗ್ರೀನಿಚ್ ಗಂಟೆಗೆ ತಿರುಗಿಸಿ ಜೋಡಿಸಿತು. ನಾವೆಲ್ಲ ಉಸಿರಾಡುವುದು ಒಂದೇ ಗಾಳಿ ಎನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಕಾಗದ ನನಗೆ ಗೊತ್ತಿಲ್ಲ.

ಇನ್ನು ಬಣ್ಣದ ವಿಷಯ. ಗಾಳಿಯ ಅಣುಗಳು ತುಂಬ ಚಿಕ್ಕವು. ಅವು ನೀಲಿಯನ್ನು ಜಾಸ್ತಿ ಚೆದುರಿಸುತ್ತವೆ, ಹಾಗಾಗಿ ಮುಳುಗುವ ಸೂರ್ಯ ಕೆಂಪು. ಆದರೆ ಕಣಗಳು ಬೆಳಕಿನ ಅಲೆಯ ಉದ್ದಕ್ಕಿಂತ ತುಸು ದೊಡ್ಡದಾಗಿ, ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿದ್ದರೆ ಆಟ ತಿರುಗುತ್ತದೆ. ಕೆಂಪು ಚೆದುರಿ ಹೋಗಿ ಹಸಿರು, ನೀಲಿ ನಮ್ಮ ಕಣ್ಣಿಗೆ ಬರುತ್ತವೆ. ಕ್ರಕಟೋವಾ ಎತ್ತರಕ್ಕೆ ಚಿಮ್ಮಿದ ದೂಳು, ಗಂಧಕದ ಅನಿಲದಿಂದಾದ ಆಮ್ಲದ ಹನಿಗಳು ಸುಮಾರು ಎರಡು ವಾರದಲ್ಲಿ ಸಮಭಾಜಕದ ಸುತ್ತ ಒಂದು ಸುತ್ತು ಮುಗಿಸಿದ್ದವು.

ಅದೇ ವರ್ಷ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ ತೆರೆದಿತ್ತು. ಕಾಲರಾದ ಬೆನ್ನು ಹತ್ತಿದ ಜರ್ಮನಿಯ ವೈದ್ಯ ರಾಬರ್ಟ್ ಕಾಖ್ ಈಜಿಪ್ಟಿಗೆ ಹೋಗಿ, ಡಿಸೆಂಬರಿನಲ್ಲಿ ಕಲ್ಕತ್ತಾ ತಲುಪಿದ್ದರು.

ಅಮೆರಿಕದಲ್ಲಿ ಆಗ ಊರಿಗೊಂದು ಮಧ್ಯಾಹ್ನ. ಸೂರ್ಯ ನೆತ್ತಿಗೆ ಬಂದಾಗ 12 ಗಂಟೆ, ಅಷ್ಟೆ. ರೈಲುಗಳಲ್ಲೇ 50ಕ್ಕೂ ಹೆಚ್ಚು ಬೇರೆ ಬೇರೆ ಸಮಯ ಚಾಲ್ತಿಯಲ್ಲಿದ್ದವು. ನಮ್ಮಲ್ಲಿ ರೈಲುಗಳು ಆಗಲೇ ಮದ್ರಾಸ್ ಸಮಯ ನೋಡುತ್ತಿದ್ದವು. ನವೆಂಬರ್ 18, ಭಾನುವಾರ, ಟೆಲಿಗ್ರಾಫ್ ಸಂಕೇತ ಬಂದೊಡನೆ ಅಮೆರಿಕದ ರೈಲು ಕಂಪನಿಗಳು ಗಡಿಯಾರಗಳನ್ನು ಹೊಸ ಸಮಯ ವಲಯಗಳಿಗೆ ಹೊಂದಿಸಿದವು. ನ್ಯೂಯಾರ್ಕಿನ ಮುಳ್ಳು ಸುಮಾರು 4 ನಿಮಿಷ ಹಿಂದೆ ಸರಿಯಿತು. ಆ ದಿನ ಅಲ್ಲಿ ಎರಡು ಸಲ ಮಧ್ಯಾಹ್ನವಾಯಿತು.

ಅದೇ ತಿಂಗಳ ಕೊನೆಗೆ ಕ್ರಕಟೋವಾದ ದೂಳು ಅಲ್ಲಿಗೂ ಬಂತು. ಆ ಹೊತ್ತಿಗೆ ಬಣ್ಣ ಹಸಿರಲ್ಲ, ಕಡುಗೆಂಪು. ಹಡ್ಸನ್ ನದಿ ದಂಡೆಯ ಪಕೀಪ್ಸಿ ಊರಿನಲ್ಲಿ ಸಂಜೆ ಪಶ್ಚಿಮದ ಆಕಾಶ ಹೊತ್ತಿ ಉರಿಯುವಂತೆ ಕಂಡು, ಎಲ್ಲೋ ದೊಡ್ಡ ಬೆಂಕಿ ಬಿದ್ದಿದೆ ಎಂದು ಅಗ್ನಿಶಾಮಕ ದಳದವರನ್ನು ಕರೆಸಿದರು.