ನ್ಯುಮೋನಿಯಾ ಪಾಥ್‌ವೇ: ನಾನು ಎಡವಿದ್ದು ಯೂರಿಯಾದಲ್ಲಿ

ಬೆಂಗಳೂರಲ್ಲಿ ನನ್ನ ಮೆಡಿಸಿನ್ ಪೋಸ್ಟಿಂಗ್‌ಗೆ ಇದು ಎರಡನೇ ವಾರ. ನಿನ್ನೆ ರೌಂಡ್ಸ್‌ನಲ್ಲಿ ಕರ್ಬ್-65 ಸ್ಕೋರ್, ಅಂದರೆ ನ್ಯುಮೋನಿಯಾ ಎಷ್ಟು ತೀವ್ರ ಅಂತ ಅಳೆಯೋ ಅಂಕ, ತಪ್ಪು ಹೇಳಿದೆ. ಮರೆಯೋ ಮುಂಚೆ ಬರೆದಿಡುತ್ತಿದ್ದೇನೆ, ನಿಮಗೂ ಉಪಯೋಗವಾಗಲಿ.

ನ್ಯುಮೋನಿಯಾ ಬಂದವರಲ್ಲಿ ಯಾರನ್ನು ಮನೆಗೆ ಕಳಿಸಬೇಕು, ಯಾರನ್ನು ಅಡ್ಮಿಟ್ ಮಾಡಬೇಕು, ಯಾವ ಆಂಟಿಬಯೋಟಿಕ್, ಐವಿಯಿಂದ (ರಕ್ತನಾಳಕ್ಕೆ ಕೊಡೋದರಿಂದ) ಮಾತ್ರೆಗೆ ಯಾವಾಗ, ಡಿಸ್ಚಾರ್ಜ್ ಯಾವಾಗ ಅಂತ ಮೊದಲೇ ಬರೆದಿಟ್ಟ ದಾರಿಯೇ ಪಾಥ್‌ವೇ. ಡ್ಯೂಟಿಯಲ್ಲಿ ಯಾರೇ ಇರಲಿ, ಚಿಕಿತ್ಸೆ ಬದಲಾಗಬಾರದು. ಕೆನಡಾದ 19 ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ 2000ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾಥ್‌ವೇ ಇದ್ದ ಕಡೆ ಒಬ್ಬ ರೋಗಿಗೆ ಬೇಕಾದ ಹಾಸಿಗೆ ದಿನಗಳು ಸರಾಸರಿ 1.7 ಕಡಿಮೆಯಾದವು. ಸಾವು, ತೊಂದರೆ ಜಾಸ್ತಿಯಾಗಲಿಲ್ಲ.

ಈ ದಾರಿಯ ಮೊದಲ ಬಾಗಿಲೇ ಕರ್ಬ್-65. ಐದು ಅಂಶ, ಒಂದೊಂದಕ್ಕೆ ಒಂದು ಅಂಕ: ಹೊಸದಾಗಿ ಬಂದ ಗೊಂದಲ, ರಕ್ತದಲ್ಲಿ ಯೂರಿಯಾ (ಕಿಡ್ನಿ ಹೊರಹಾಕೋ ತ್ಯಾಜ್ಯ) ಲೀಟರ್‌ಗೆ 7 ಮಿಲಿಮೋಲ್‌ಗಿಂತ ಜಾಸ್ತಿ, ಉಸಿರು ನಿಮಿಷಕ್ಕೆ 30 ಅಥವಾ ಜಾಸ್ತಿ, ಬಿಪಿ ಮೇಲಿನದು 90ಕ್ಕಿಂತ ಕಡಿಮೆ ಅಥವಾ ಕೆಳಗಿನದು 60 ಅಥವಾ ಕಡಿಮೆ, ವಯಸ್ಸು 65 ಅಥವಾ ಜಾಸ್ತಿ. ಮೊತ್ತ 0 ಅಥವಾ 1 ಆದರೆ ಸಾಮಾನ್ಯವಾಗಿ ಮನೆ. 2 ಆದರೆ ವಾರ್ಡ್. 3 ಅಥವಾ ಜಾಸ್ತಿ ಆದರೆ ಐಸಿಯು ಬೇಕಾ ಅಂತ ಯೋಚಿಸಬೇಕು.

ಈಗ ನಾನು ಎಡವಿದ ಜಾಗ. ಅಮೆರಿಕದ ಪುಸ್ತಕಗಳಲ್ಲಿ "ಬಿಯುಎನ್ 19ಕ್ಕಿಂತ ಜಾಸ್ತಿ" ಅಂತ ಇರುತ್ತದೆ. ನಾನು ಆ 19 ಅನ್ನೇ ಬಾಯಿಪಾಠ ಮಾಡಿದ್ದೆ. ಆದರೆ ನಮ್ಮ ಲ್ಯಾಬ್ ರಿಪೋರ್ಟ್‌ನಲ್ಲಿ ಬರೋದು "ಬ್ಲಡ್ ಯೂರಿಯಾ". ಎರಡೂ ಮಿಲಿಗ್ರಾಂನಲ್ಲೇ ಇರುತ್ತವೆ, ಹೆಸರೂ ಒಂದೇ ಥರ. ಆದರೆ ಒಂದೇ ಅಲ್ಲ! ಬಿಯುಎನ್ ಅಂದರೆ ಯೂರಿಯಾದೊಳಗಿನ ನೈಟ್ರೋಜನ್ ತೂಕ ಮಾತ್ರ.

ಯೂರಿಯಾ ಅಣುವಿನ ತೂಕ 60. ಅದರಲ್ಲಿರೋ ಎರಡು ನೈಟ್ರೋಜನ್ ಸೇರಿ 28. 60 ಅನ್ನು 28ರಿಂದ ಭಾಗಿಸಿದರೆ 2.14. ಅಂದರೆ ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಬ್ಲಡ್ ಯೂರಿಯಾ ಸಿಗುತ್ತದೆ. ಇನ್ನೊಂದು ಕಡೆಯಿಂದ ನೋಡಿ: 7 ಮಿಲಿಮೋಲ್ ಅನ್ನು 60ರಿಂದ ಗುಣಿಸಿದರೆ ಲೀಟರ್‌ಗೆ 420 ಮಿಲಿಗ್ರಾಂ, ಡೆಸಿಲೀಟರ್‌ಗೆ 42. ಹಾಗಾಗಿ ನಮ್ಮ ರಿಪೋರ್ಟ್ ಓದುವಾಗ ನೆನಪಿಡಬೇಕಾದ್ದು 42, 19 ಅಲ್ಲ.

ನಿನ್ನೆಯ ಕೇಸ್: 68 ವರ್ಷದ ಅಜ್ಜ, ಉಸಿರು 24, ಬಿಪಿ 124/76, ಮಾತು ಸರಿಯಾಗಿತ್ತು, ಬ್ಲಡ್ ಯೂರಿಯಾ 36. ನಾನು ಹೇಳಿದ್ದು 2, ಅಡ್ಮಿಟ್. ಸರಿಯಾದ ಉತ್ತರ 1. ಯೂರಿಯಾ ನಾರ್ಮಲ್ ಇದ್ದ ಎಷ್ಟೋ ಜನರಿಗೆ ನಾನು ಸುಮ್ನೆ ಒಂದು ಅಂಕ ಸೇರಿಸುತ್ತಿದ್ದೆ ಅಲ್ವಾ? ಆಮೇಲೆ ಪಾಥ್‌ವೇ ಎಷ್ಟು ಚೆನ್ನಾಗಿದ್ದು ಏನು ಪ್ರಯೋಜನ?

ಆದರೂ ಸ್ಕೋರ್ 1 ಅಂತ ತಕ್ಷಣ ಮನೆಗೆ ಕಳಿಸಬೇಡಿ. ಕರ್ಬ್-65ರಲ್ಲಿ ಆಕ್ಸಿಜನ್ ಲೆಕ್ಕವೇ ಇಲ್ಲ. ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ. ಮನೆಯಲ್ಲಿ ನೋಡಿಕೊಳ್ಳೋರು ಇದ್ದಾರಾ, ಮಾತ್ರೆ ನುಂಗೋಕೆ ಆಗುತ್ತದಾ ಅಂತ ಕೇಳಿ.

ಗೊಂದಲದ ಅಂಕ ಕೊಡೋಕೂ ಆತುರ ಬೇಡ. ಬೆಂಗಳೂರಿನ ವಾರ್ಡ್‌ನಲ್ಲಿ ಪಾವಗಡದ ಅಜ್ಜಿ ತೆಲುಗಿನಲ್ಲಿ ಮಾತಾಡಬಹುದು, ಹೊಸೂರಿನವರು ತಮಿಳಿನಲ್ಲಿ. ನಮ್ಮ ಕನ್ನಡ ಅರ್ಥವಾಗದೆ ಇರೋದು ಗೊಂದಲ ಅಲ್ಲ. ತಾರೀಕು ಕೇಳಿದರೆ "ಹುಣ್ಣಿಮೆ ಕಳೆದು ಮೂರು ದಿನ" ಅನ್ನೋ ಅಜ್ಜಿಗೆ ದಿನದ ಅರಿವು ಚೆನ್ನಾಗೇ ಇದೆ. "ಮೊದಲಿಂದ ಹೀಗೇನಾ, ಈಗ ಶುರುವಾಗಿದ್ದಾ?" ಅಂತ ಮನೆಯವರನ್ನು ಕೇಳಲೇಬೇಕು.

ಔಷಧಿ ವಿಷಯದಲ್ಲಿ ಒಂದೇ ಮಾತು. ಕೆನಡಾದ ಆ ಪಾಥ್‌ವೇ ನಿಂತಿದ್ದು ಲಿವೊಫ್ಲಾಕ್ಸಾಸಿನ್ ಮೇಲೆ, ಅದು ಫ್ಲೋರೋಕ್ವಿನೊಲೋನ್ ಗುಂಪಿನ ಆಂಟಿಬಯೋಟಿಕ್. ನಮ್ಮಲ್ಲಿ ಅದನ್ನು ಹಾಗೇ ನಕಲು ಮಾಡೋ ಹಾಗಿಲ್ಲ. ಈ ಗುಂಪಿನ ಔಷಧಿಗಳು ಕ್ಷಯದ ಮೇಲೂ ಕೆಲಸ ಮಾಡುತ್ತವೆ. ರೋಗಿ ಸ್ವಲ್ಪ ಚೇತರಿಸಿಕೊಂಡ ಹಾಗೆ ಕಾಣುತ್ತಾರೆ, ಕ್ಷಯ ಪತ್ತೆಯಾಗೋದು ತಡವಾಗುತ್ತದೆ. ಅದಕ್ಕೇ ಭಾರತದ 2012ರ ಮಾರ್ಗಸೂಚಿ ಇವನ್ನು ಮೊದಲ ಆಯ್ಕೆಯಾಗಿ ಕೊಡಬೇಡಿ ಅನ್ನುತ್ತದೆ. ವಾರ್ಡ್‌ನಲ್ಲಿ ಬೀಟಾ-ಲ್ಯಾಕ್ಟಮ್ ಜೊತೆ ಮ್ಯಾಕ್ರೋಲೈಡ್, ಇವೆರಡೂ ಬೇರೆ ಆಂಟಿಬಯೋಟಿಕ್ ಗುಂಪುಗಳು.

ಅಭ್ಯಾಸಕ್ಕೆ ಒಂದು ಕೇಸ್: 70 ವರ್ಷ, ಉಸಿರು 32, ಬಿಪಿ 110/60, ಬ್ಲಡ್ ಯೂರಿಯಾ 40, ಗೊಂದಲ ಇಲ್ಲ. ಉತ್ತರ 3. ನಿಮಗೆ 4 ಬಂದಿದ್ದರೆ ಯೂರಿಯಾ ಮತ್ತೆ ನೋಡಿ. 2 ಬಂದಿದ್ದರೆ ಬಿಪಿಯ ಕೆಳಗಿನ ಅಂಕಿ ನೋಡಿ.