ಎರಡನೆಯ ಕೆಂಪು ದೀಪ

ಕೆಟ್ಟ ಡಿಸ್ಕ್‌ಗಳಿಂದ ದತ್ತಾಂಶ ಮರಳಿ ಪಡೆಯುವುದು ನನ್ನ ಕೆಲಸ. ಗದಗಿನ ಒಂದು ಮುದ್ರಣಾಲಯದಿಂದ ಬೆಳಿಗ್ಗೆ ಏಳು ಗಂಟೆಗೆ ಕರೆ ಬಂತು. "ಸರ, ಎರಡು ಕೆಂಪ್ ದೀಪ ಹತ್ಯಾವ್ರಿ. ಒಂದು ಮೊದಲಿಂದಾನೂ ಇತ್ತು, ಇನ್ನೊಂದು ರಾತ್ರಿ ಹತ್ತೇತ್ರಿ." ತಲಾ 4 ಟೆರಾಬೈಟ್‌ನ ನಾಲ್ಕು ಡಿಸ್ಕ್‌ಗಳನ್ನು ಒಂದು ಕೆಟ್ಟರೂ ದತ್ತಾಂಶ ಉಳಿಯುವಂತೆ ರೇಡ್ 5 ವಿಧಾನದಲ್ಲಿ ಜೋಡಿಸಿದ್ದ, ಕಚೇರಿಯ ಗಣಕಗಳು ಜಾಲದ ಮೂಲಕ ಕಡತಗಳನ್ನಿಡುವ ನ್ಯಾಸ್ ಪೆಟ್ಟಿಗೆ ಅದು. ಪೆಟ್ಟಿಗೆಯನ್ನು ಕೂಡಲೇ ಆರಿಸಿ, ಯಾವ ಡಿಸ್ಕ್ ಯಾವ ಖಾನೆಯಲ್ಲಿತ್ತೆಂದು ಬರೆದು ಅಂಟಿಸಿ ಎಂದೆ. ಎರಡು ತಿಂಗಳ ಹಿಂದೆ ಮೊದಲು ಕೆಟ್ಟ ಡಿಸ್ಕ್ ಈಗ ಎಲ್ಲಿದೆ ಎಂದು ಕೇಳಿದಾಗ, "ಡ್ರಾದಾಗ ಐತ್ರಿ, ಒಗೀಬೇಕಂತ ಇಟ್ಟೀವಿ" ಎಂಬ ಉತ್ತರ ಬಂತು. ಒಗೆಯಬೇಡಿ ಎಂದೆ.

ರೇಡ್ ಎಂಬ ಹೆಸರು 1987ರದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕ್ಯಾಟ್ಜ್ 1988ರಲ್ಲಿ ಮಂಡಿಸಿದ ತಮ್ಮ ಪ್ರಬಂಧದಲ್ಲಿ ಅಗ್ಗದ ಡಿಸ್ಕ್‌ಗಳನ್ನು ಸೇರಿಸಿ ದುಬಾರಿ ಡಿಸ್ಕಿನ ಕೆಲಸ ಮಾಡಿಸುವ ದಾರಿಯನ್ನು ವಿವರಿಸಿದ್ದರು. ರೇಡ್ 5ರ ಲೆಕ್ಕವನ್ನು ಅಂಗಡಿಯ ಖಾತೆಯಂತೆ ತಿಳಿಯಬಹುದು. ಒಂದು ಸಾಲಿನಲ್ಲಿ ಮೂರು ಅಂಕಿಗಳಿದ್ದು, ನಾಲ್ಕನೆಯ ಕಡೆ ಅವುಗಳ ಮೊತ್ತ ಬರೆದಿದ್ದರೆ, ಯಾವುದೇ ಒಂದು ಅಳಿಸಿಹೋದರೂ ಉಳಿದವುಗಳಿಂದ ಅದನ್ನು ಕಂಡುಹಿಡಿಯಬಹುದು, ಎರಡು ಅಳಿಸಿದರೆ ಆಗದು. ಇಲ್ಲಿ ಮೊತ್ತದ ಜಾಗದಲ್ಲಿ ಪ್ಯಾರಿಟಿ ಇರುತ್ತದೆ, ಅದು ಒಂದೇ ಡಿಸ್ಕಿನಲ್ಲಿರದೆ ಸಾಲಿನಿಂದ ಸಾಲಿಗೆ ಜಾಗ ಬದಲಿಸುತ್ತದೆ.

ಮೊದಲ ಡಿಸ್ಕ್ ಹೊರಬಿದ್ದದ್ದು ಪೂರ್ತಿ ಸತ್ತು ಅಲ್ಲ. ಮನೆಬಳಕೆಯ ಡಿಸ್ಕ್‌ಗಳು ಓದಲಾಗದ ಸೆಕ್ಟರ್, ಅಂದರೆ ಡಿಸ್ಕಿನ ಒಂದು ಚಿಕ್ಕ ತುಣುಕು, ಸಿಕ್ಕಾಗ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಮತ್ತೆ ಮತ್ತೆ ಪ್ರಯತ್ನಿಸುವುದುಂಟು. ಇಂಥ ಅನೇಕ ಪೆಟ್ಟಿಗೆಗಳನ್ನು ನಡೆಸುವ ಲಿನಕ್ಸ್ ಕಾರ್ಯವ್ಯವಸ್ಥೆ ಸಾಮಾನ್ಯವಾಗಿ ಕಾಯುವುದು 30 ಸೆಕೆಂಡು. ಉತ್ತರ ಬಾರದ ಡಿಸ್ಕನ್ನು ಅದು ಕೆಟ್ಟದ್ದೆಂದು ಗುಂಪಿನಿಂದ ಹೊರಗಿಡುತ್ತದೆ. ಸರ್ವರ್‌ಗೆಂದೇ ಮಾಡಿದ ಡಿಸ್ಕ್‌ಗಳು ಸುಮಾರು 7 ಸೆಕೆಂಡಿಗೆ ಸೋಲೊಪ್ಪಿ ತಪ್ಪನ್ನು ವರದಿ ಮಾಡುವುದರಿಂದ ಈ ಗತಿ ಅವುಗಳಿಗೆ ಸುಲಭವಾಗಿ ಬರುವುದಿಲ್ಲ. ಮುದ್ರಣಾಲಯದವರು ಎರಡು ತಿಂಗಳು ಮೂರೇ ಡಿಸ್ಕ್‌ಗಳ ಮೇಲೆ ಕೆಲಸ ನಡೆಸಿ, ಹಿಂದಿನ ಸಂಜೆ ಹೊಸದೊಂದನ್ನು ಹಾಕಿದ್ದರು. ಕಳೆದ ಡಿಸ್ಕಿನ ದತ್ತಾಂಶವನ್ನು ಲೆಕ್ಕ ಹಾಕಿ ಹೊಸದರ ಮೇಲೆ ಬರೆಯುವ ರೀಬಿಲ್ಡ್ ಆರಂಭವಾಯಿತು. ಉಳಿದ ಮೂರನ್ನೂ ಮೊದಲಿಂದ ಕೊನೆಯವರೆಗೆ, ಅಂದರೆ 12 ಟೆರಾಬೈಟ್, ಓದದೆ ಅದು ಮುಗಿಯುವಂತಿಲ್ಲ. ವರ್ಷಗಳಿಂದ ಯಾರೂ ತೆರೆಯದ ಕಡತಗಳ ಜಾಗದಲ್ಲಿ ಹಾಳಾಗಿದ್ದ ಸೆಕ್ಟರ್‌ಗಳು ಆಗಲೇ ಬೆಳಕಿಗೆ ಬರುವುದು. ಮೂರನೆಯ ಖಾನೆಯ ಡಿಸ್ಕ್ ಮಧ್ಯರಾತ್ರಿ ಬಿದ್ದದ್ದೂ ಹೀಗೆಯೇ. ತಿಂಗಳಿಗೊಮ್ಮೆ ಇಡೀ ಗುಂಪನ್ನು ಓದಿ ತಾಳೆ ನೋಡುವ ಸ್ಕ್ರಬ್ ಸೌಲಭ್ಯ ಆ ಪೆಟ್ಟಿಗೆಯಲ್ಲಿತ್ತು, ಆದರೆ ನಿಧಾನವಾಗುತ್ತದೆಂದು ಯಾರೋ ಅದನ್ನು ನಿಲ್ಲಿಸಿದ್ದರು.

ಊರಿನ ತಂತ್ರಜ್ಞರು ಡ್ರಾದಲ್ಲಿದ್ದ ಹಳೆಯ ಡಿಸ್ಕನ್ನು ಮತ್ತೆ ಹಾಕಿ ಬಲವಂತವಾಗಿ ಗುಂಪಿಗೆ ಸೇರಿಸಲು ಸಿದ್ಧರಾಗಿದ್ದರು. ನನ್ನ ಅನುಭವದಲ್ಲಿ, ಡಿಸ್ಕ್‌ಗಳು ಕೆಡುವುದರಿಂದ ಕಳೆದುಹೋದ ದತ್ತಾಂಶಕ್ಕಿಂತ ಈ ಒಂದು ಹೆಜ್ಜೆಯಿಂದ ಕಳೆದುಹೋದದ್ದೇ ಹೆಚ್ಚು. ಎರಡು ತಿಂಗಳ ಹಿಂದಿನ ಪುಟವನ್ನು ಇಂದಿನ ಖಾತೆಯೊಳಗೆ ಸೇರಿಸಿ ಹೊಲಿದಂತಾಗುತ್ತದೆ ಅದು. ಅದರ ಮೇಲೆ ಕಡತವ್ಯವಸ್ಥೆಯ ದುರಸ್ತಿ ತಂತ್ರಾಂಶ ಓಡಿದರೆ, ಹೊಂದಿಕೆಯಾಗದ್ದನ್ನೆಲ್ಲ ತಪ್ಪೆಂದು ತಿಳಿದು ಸರಿಯಿದ್ದದ್ದನ್ನೇ ಅಳಿಸಿಬಿಡುತ್ತದೆ. ಡಿಸ್ಕನ್ನು ಫ್ರೀಜರ್‌ನಲ್ಲಿಡುವ ಸಲಹೆಯೂ ಇನ್ನೂ ಕೇಳಿಬರುತ್ತಿದೆ. ಹೊರತೆಗೆದಾಗ ಒಳಗೆ ಕಟ್ಟುವ ತೇವದ ಬಗ್ಗೆ ಆ ಸಲಹೆಗಾರರು ಯೋಚಿಸಿದಂತಿಲ್ಲ.

ಡಿಸ್ಕ್‌ಗಳು ಬೆಂಗಳೂರಿಗೆ ಬಂದ ಮೇಲೆ ಮೊದಲ ಕೆಲಸ ಪ್ರತಿ ತೆಗೆಯುವುದು. ಮೂಲ ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯುವುದಿಲ್ಲ. 4 ಟೆರಾಬೈಟ್‌ನ ಆರೋಗ್ಯವಂತ ಡಿಸ್ಕಿಗೆ ಏಳೆಂಟು ಗಂಟೆ ಸಾಕು. ಮೂರನೆಯ ಖಾನೆಯದ್ದಕ್ಕೆ ಮೂರು ದಿನ ಹಿಡಿಯಿತು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಸುಲಭವಾಗಿ ಓದಲಾಗುವ ಭಾಗಗಳನ್ನು ಮೊದಲು ತೆಗೆದುಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ, ಎಲ್ಲಿ ಏನು ಸಿಕ್ಕಿತೆಂದು ನಕ್ಷೆಯೊಂದರಲ್ಲಿ ಬರೆದಿಡುತ್ತದೆ. ಡಿಸ್ಕ್ ನಡುವೆ ಸತ್ತರೂ ಅಷ್ಟರಲ್ಲಿ ಹೆಚ್ಚಿನದು ಕೈಸೇರಿರುತ್ತದೆ. ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಮಾತ್ರ ಈ ದಾರಿಯೂ ಸಲ್ಲದು, ಅದು ಧೂಳಿಲ್ಲದ ಕೋಣೆಯಲ್ಲಿ, ಡಿಸ್ಕನ್ನು ಓದುವ ಭಾಗವಾದ ಹೆಡ್ ಬದಲಿಸುವವರ ಕೆಲಸ.

ಪ್ರತಿ ಡಿಸ್ಕ್ ತನ್ನ ಮೇಲೆಯೇ ಒಂದು ಟಿಪ್ಪಣಿ ಇಟ್ಟುಕೊಂಡಿರುತ್ತದೆ: ಗುಂಪಿನಲ್ಲಿ ತನ್ನ ಸ್ಥಾನ, ಕೊನೆಯ ಬಾರಿ ಬದಲಾದ ಹೊತ್ತು, ಮತ್ತು ಪ್ರತಿ ಬದಲಾವಣೆಗೂ ಏರುವ ಒಂದು ಎಣಿಕೆ. ಎರಡು, ಮೂರು, ನಾಲ್ಕನೆಯ ಖಾನೆಗಳ ಎಣಿಕೆ ಹೆಚ್ಚು ಕಡಿಮೆ ಒಂದೇ ಇತ್ತು, ಡ್ರಾದ ಡಿಸ್ಕ್ ಬಹಳ ಹಿಂದೆ ನಿಂತಿತ್ತು. ಆ ಮೂರರ ಪ್ರತಿಗಳನ್ನು ಜೋಡಿಸಿ, ಓದಲು ಮಾತ್ರ ಅನುಮತಿಸಿ ತೆರೆದಾಗ ಕಡತಗಳ ಮರ ಪೂರ್ತಿ ಕಾಣಿಸಿತು. ಉಳಿದದ್ದು ಮೂರನೆಯ ಡಿಸ್ಕಿನಲ್ಲಿ ಎಷ್ಟು ಮಾಡಿದರೂ ಓದಲಾಗದ ಕೆಲವು ನೂರು ಸೆಕ್ಟರ್‌ಗಳು. ಹೊಸ ಡಿಸ್ಕ್ ಇದಕ್ಕೆ ನೆರವಾಗಲಿಲ್ಲ, ಏಕೆಂದರೆ ರೀಬಿಲ್ಡ್ ನಿಂತದ್ದೇ ಅಲ್ಲಿ.

ಡ್ರಾದ ಡಿಸ್ಕ್ ಉಪಯೋಗಕ್ಕೆ ಬಂದದ್ದು ಇಲ್ಲಿ. ಅದು ಹಳೆಯದು ನಿಜ, ಆದರೆ ಎರಡು ತಿಂಗಳಲ್ಲಿ ಯಾರೂ ಮುಟ್ಟದ ಸಾಲುಗಳಲ್ಲಿ ಹಳೆಯದೂ ಇಂದಿನದೂ ಒಂದೇ. ಯಾವ ಸಾಲು ಬದಲಾಗಿಲ್ಲ ಎಂದು ತಿಳಿಯಲು, ಹಾಳಾದ ಸೆಕ್ಟರ್‌ನ ಅಕ್ಕಪಕ್ಕದ, ಅದೇ ಸಾಲಿನ ಓದಬಲ್ಲ ಸೆಕ್ಟರ್‌ಗಳಲ್ಲಿ ಡ್ರಾದ್ದೂ ಸೇರಿ ನಾಲ್ಕೂ ಡಿಸ್ಕ್‌ಗಳ ಪ್ಯಾರಿಟಿ ತಾಳೆಯಾಗುತ್ತದೆಯೇ ಎಂದು ನೋಡಿದೆವು. ತಾಳೆಯಾದ ಕಡೆ, ಮೂರನೆಯ ಡಿಸ್ಕಿನ ಕಳೆದ ತುಣುಕನ್ನು ಉಳಿದ ಮೂರರಿಂದ ಲೆಕ್ಕ ಹಾಕಿ ತುಂಬಿದೆವು. ಹಾಗೆ ತುಂಬಿದ ಕಡತಗಳನ್ನು ಒಂದೊಂದಾಗಿ ತೆರೆದು ಪರೀಕ್ಷಿಸಿದೆವು. ಹಾಳಾದ ಜಾಗ ಹೆಚ್ಚಾಗಿ ಹಳೆಯ ಕಡತಗಳದ್ದಾಗಿದ್ದರಿಂದ ಬಹುಪಾಲು ತಾಳೆಯಾಯಿತು. ಆಗದೆ ಉಳಿದವು ಎರಡು ಕಡತಗಳು, ಎರಡೂ ಆ ತಿಂಗಳು ತಿದ್ದಿದ ಲಗ್ನಪತ್ರಿಕೆಗಳು. ಅವುಗಳನ್ನು ಅಚ್ಚಾದ ಪ್ರತಿ ನೋಡಿ ಮತ್ತೆ ಜೋಡಿಸುತ್ತೇವೆಂದು ಮಾಲೀಕರು ಒಪ್ಪಿಕೊಂಡರು.