ಗಿಡ್ಡ ದನಕ್ಕೂ ಟೇಪು ಹಿಡಿಯಿರಿ

ಪೆರ್ಲದ ಹತ್ತಿರದ ಒಂದು ಹಟ್ಟಿ. ಕಾಸರಗೋಡು ಗಿಡ್ಡ ತಳಿಯ ದನ, ಸಗಣಿ ನೀರಾಗಿತ್ತು, ಮೈ ಒಣಗಿತ್ತು. "ಹುಳದ ಮದ್ದು ಕೊಟ್ಟಾಗಿದೆ ಡಾಕ್ಟ್ರೇ" ಎಂದರು ಮನೆಯ ಅಮ್ಮ. ಎಷ್ಟು ಎಂದು ಕೇಳಿದೆ. "ಗುಳಿಗೆಯಲ್ಲಿ ಕಾಲು ಭಾಗ. ಸಣ್ಣ ದನ ಅಲ್ವಾ?"

ಬಟ್ಟೆ ಹೊಲಿಯುವ ಟೇಪು ತರಿಸಿದೆ. ಎದೆ ಸುತ್ತಳತೆ 50 ಇಂಚು, ಉದ್ದ 42. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ದನದ ತೂಕ ಕಿಲೋದಲ್ಲಿ ಸಿಗುತ್ತದೆ. ಲೆಕ್ಕ 159ಕ್ಕೆ ಬಂತು. ಅವರಲ್ಲಿದ್ದದ್ದು 1.5 ಗ್ರಾಮಿನ ಫೆನ್‌ಬೆಂಡಜೋಲ್ ಗುಳಿಗೆ. ಕಿಲೋಗೆ 5 ಮಿಲಿಗ್ರಾಮಿನ ಲೆಕ್ಕದಲ್ಲಿ ಅದು 300 ಕಿಲೋ ದನಕ್ಕೆ ಆಗುತ್ತದೆ. ಈ ದನಕ್ಕೆ ಅರ್ಧ ಗುಳಿಗೆಗಿಂತ ತುಸು ಹೆಚ್ಚೇ ಬೇಕಿತ್ತು. ಕಾಲು ಭಾಗ ಸಾಕಾಗುವುದು 75 ಕಿಲೋಗೆ ಮಾತ್ರ. ಕಡಿಮೆ ಮದ್ದು ಕೊಟ್ಟರೆ ಗಟ್ಟಿ ಹುಳಗಳು ಉಳಿದುಕೊಳ್ಳುತ್ತವೆ. ಅವುಗಳ ಮರಿಗಳಿಗೆ ಮುಂದೆ ಆ ಮದ್ದೇ ನಾಟುವುದಿಲ್ಲ. ನನಗೆ ಚಿಂತೆಯಾಗುವುದು ಇದೇ.

ಗಿಡ್ಡ ದನ ಕಣ್ಣಿಗೆ ಮೋಸ ಮಾಡುತ್ತದೆ. ಕಾಲು ಮೋಟು, ಆದರೆ ಎದೆ ತುಂಬಿರುತ್ತದೆ.

ಅಳೆಯುವಾಗ ದನ ಸಮನೆಲದಲ್ಲಿ ನಾಲ್ಕೂ ಕಾಲೂರಿ, ತಲೆ ನೇರ ಇಟ್ಟು ನಿಂತಿರಬೇಕು. ಹುಲ್ಲಿಗೆ ತಲೆ ತಗ್ಗಿಸಿದರೆ ಅಳತೆ ಕೆಡುತ್ತದೆ. ಬೆಳಿಗ್ಗೆ ಮೇವು ಹಾಕುವ ಮೊದಲು ಅಳೆದರೆ ಒಳ್ಳೆಯದು. ಮುಂಗಾಲಿನ ಹಿಂದುಗಡೆಯೇ, ಎದೆಯ ಸುತ್ತ ಟೇಪು ಬರಲಿ. ಮೈಗೆ ತಾಗಿರಲಿ, ಬಿಗಿಯಬೇಡಿ. ಉದ್ದ ಎಂದರೆ ಭುಜದ ಮುಂದಿನ ಮೂಳೆಯಿಂದ, ಬಾಲದ ಬುಡದ ಪಕ್ಕ ಕೈಗೆ ಸಿಗುವ ಮೂಳೆಯವರೆಗೆ.

ಸುತ್ತಳತೆಯನ್ನು ಮಾತ್ರ ಮೂರು ಸಲ ನೋಡಿ. ಲೆಕ್ಕದಲ್ಲಿ ಅದು ಎರಡು ಸಲ ಬರುತ್ತದೆ, ತಪ್ಪೂ ಹಾಗೆಯೇ. ಇದೇ ದನಕ್ಕೆ 50ರ ಬದಲು 52 ಎಂದು ಬರೆದರೆ 13 ಕಿಲೋ ಜಾಸ್ತಿ ಬರುತ್ತದೆ. ತೂಕವನ್ನೇ ಅಚ್ಚು ಹಾಕಿದ ಟೇಪುಗಳೂ ಸಿಗುತ್ತವೆ. ದೊಡ್ಡ ತಳಿಗೆಂದು ಮಾಡಿದ ಟೇಪನ್ನು ಗಿಡ್ಡಕ್ಕೆ ಸುತ್ತಿ ನಂಬಬೇಡಿ. ಸೂತ್ರ ಕೊಡುವುದೂ ಅಂದಾಜೇ, ಆದರೆ ಸುಮ್ನೆ ಕಣ್ಣಲ್ಲಿ ನೋಡಿ ಹೇಳುವುದಕ್ಕಿಂತ ಎಷ್ಟೋ ವಾಸಿ.

ಗಬ್ಬದ ದನವಾದರೆ ಮದ್ದು ಕೊಡುವ ಮೊದಲು ಮೃಗಾಸ್ಪತ್ರೆಯಲ್ಲಿ ಹೇಳಿ. ಗಬ್ಬದ ಮೊದಲ ತಿಂಗಳುಗಳಲ್ಲಿ ಆಲ್ಬೆಂಡಜೋಲ್ ಎಂಬ ಹುಳದ ಮದ್ದು ಕೊಡಬಾರದು. ಎಳೆಗರುವಿಗೆ ಈ ಸೂತ್ರ ಬೇಡ. ಮನೆಯಲ್ಲಿ ಅಡಿಕೆ ತೂಗುವ ತಕ್ಕಡಿ ಇದೆಯಲ್ಲ, ಕರುವನ್ನು ಎತ್ತಿಕೊಂಡು ಅದರ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ.